ಕಂಪ್ಯೂಟರಿಗೆ ಕುರಿಯ ಮುಖ ಕಲಿಸಿದ್ದು

ನನ್ನ ಬಾಯಿಂದ ಹೊರಡದ ಬೈಗುಳವಿಲ್ಲ. ನಮ್ಮ ಮಧುಗಿರಿ ಕಡೆಯವು ಹುಟ್ಟಿನಿಂದಲೇ ಬಂದವು, ಪಾವಗಡದ ಕಡೆಯ ತೆಲುಗಿನವು ಸಂತೆಯಲ್ಲಿ ಸಿಕ್ಕವು, ಶಿರಾದ ಕುರಿ ವ್ಯಾಪಾರಿಗಳ ಬಾಯಲ್ಲಿ ಕೇಳಿದ ಒಂದೆರಡನ್ನು ಅರ್ಥ ಕೇಳದೆಯೇ ಇಟ್ಟುಕೊಂಡಿದ್ದೇನೆ. ಆದರೆ ಎಪ್ಪತ್ತು ದಾಟಿದ ಈ ವಯಸ್ಸಿನವರೆಗೂ ಒಂದು ಮಾತು ಮಾತ್ರ ಹೊರಟಿರಲಿಲ್ಲ. ಅದು ‘ಗೊತ್ತಿಲ್ಲ’ ಎಂಬ ಮಾತು. ಯಾರಾದರೂ ಏನಾದರೂ ಕೇಳಿದರೆ ನನ್ನ ಬಾಯಿ ತಲೆಗಾಗಿ ಕಾಯುವುದಿಲ್ಲ. ತಲೆ ಕಂಬಳಿ ಕೊಡವಿಕೊಂಡು ಎದ್ದು ಕೂರುವಷ್ಟರಲ್ಲಿ ಬಾಯಿ ಉತ್ತರ ಹೇಳಿ ಮುಗಿಸಿರುತ್ತದೆ. ಹೇಳಿದ ಮೇಲೆ ನನಗೇ ಅದು ನಿಜವೆಂದು ಕಾಣತೊಡಗುತ್ತದೆ. ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನೇ ನಂಬದಿದ್ದರೆ ಬೇರೆ ಯಾರು ನಂಬಬೇಕು?

ಹೋದ ಶ್ರಾವಣದಲ್ಲಿ ಒಂದು ಕಾರು ನಮ್ಮೂರ ಗೇಟಿನಲ್ಲಿ ನಿಂತಿತು. ಒಳಗೆ ರೇಷ್ಮೆ ಸೀರೆಯವರು, ಮಡಿಲಲ್ಲಿ ಹಣ್ಣುಕಾಯಿ ಬುಟ್ಟಿ. “ಅಜ್ಜೀ, ಗೊರವನಹಳ್ಳಿ ಲಕ್ಷ್ಮಿ ದೇವಸ್ಥಾನಕ್ಕೆ ಹೇಗೆ ಹೋಗಬೇಕು?” ಎಂದರು. ನಾನು ಅಲ್ಲಿಗೆ ಹತ್ತು ಸಲ ಹೋಗಿದ್ದೇನೆ. ಆದರೆ ಹೋದದ್ದು ಬಸ್ಸಿನಲ್ಲಿ. ದಾರಿ ಡ್ರೈವರನ ತಲೆಯಲ್ಲಿತ್ತೇ ಹೊರತು ನನ್ನ ತಲೆಯಲ್ಲಲ್ಲ. ಆದರೂ ಕೈ ಎದ್ದುಬಿಟ್ಟಿತು. “ಇಂಗೇ ಓಗಿ ಎಡಕ್ಕೆ ತಿರುಗ್ರಿ, ಆಮೇಲೆ ಯಾರ್‍ನೂ ಕೇಳ್ಬೇಡಿ, ಜನ ದಾರಿ ತಪ್ಪಿಸ್ತಾರೆ” ಎಂದೆ. ಮಧ್ಯಾಹ್ನದ ಹೊತ್ತಿಗೆ ಅದೇ ಕಾರು ಎದುರು ದಿಕ್ಕಿನಿಂದ ಬಂತು. ನಾನು ತಲೆಯ ಮೇಲೆ ಸೆರಗು ಹೊದ್ದಿದ್ದರಿಂದ ಗುರುತು ಹಿಡಿಯದೆ ಮತ್ತೆ ನನ್ನನ್ನೇ ಕೇಳಿದರು. ಬಲಕ್ಕೆ ಕಳಿಸಿದೆ. ಮೂರನೆಯ ಸಲ ಬರಲಿಲ್ಲ, ಆದ್ದರಿಂದ ಎರಡನೆಯದು ಸರಿಯಿದ್ದಿರಬೇಕು.

ಇಂಥ ನನಗೆ ನಮ್ಮೂರಲ್ಲಿ ದೊಡ್ಡ ಹೆಸರು. ದೊಡ್ಡೇರಿ ಹೋಬಳಿಯ ನಮ್ಮ ಊರಿನಲ್ಲಿ ಮುಕ್ಕಾಲು ಮನೆ ಕುರಿಯವರು. ಕೆರೆಯಲ್ಲಿ ನೀರು ಕುಡಿಸುವಾಗ ಹಿಂಡುಗಳು ಒಂದಕ್ಕೊಂದು ಸೇರಿಕೊಳ್ಳುತ್ತವೆ. ಬೇರೆ ಮಾಡುವಾಗ ಒಂದೆರಡು ಕುರಿ ಯಾರವು ಎಂದು ಜಗಳ ಹತ್ತುತ್ತದೆ. ಆಗ “ಈರಕ್ಕನ್ನ ಕರೀರಿ” ಎನ್ನುತ್ತಾರೆ. ನಾನು ಹೋಗಿ ಒಂದು ಸಲ ನೋಡಿ, “ಇದು ಮುದ್ದಣ್ಣಂದು, ಅದು ಕೆಂಚಂದು” ಎಂದು ಹೇಳಿ ಎಲೆಯಡಿಕೆ ಹಾಕಿಕೊಂಡರೆ ಮುಗಿಯಿತು. ಮೇಲೆ ಅಪೀಲು ಹೋದವರಿಲ್ಲ. ಈರಕ್ಕ ಕುರಿಯ ಮೂತಿ ನೋಡಿ ಅದರ ಅಜ್ಜಿಯ ಹೆಸರು ಹೇಳುತ್ತಾಳೆ ಎಂದು ಶಿರಾದ ವ್ಯಾಪಾರಿಗಳವರೆಗೂ ಸುದ್ದಿ ಹೋಗಿದೆ. ನಾನು ಸುದ್ದಿಯನ್ನು ಅಡ್ಡ ಹಾಕಿ ನಿಲ್ಲಿಸಲಿಲ್ಲ.

ನಿಜ ಬೇರೆ ಇದೆ. ಗುರುತು ಸಿಕ್ಕ ಕುರಿಯನ್ನು ಗುರುತಿನಿಂದ ಹೇಳುತ್ತೇನೆ. ಸಿಗದ ಕುರಿಯಿದ್ದರೆ ನಾನು ಕುರಿಯನ್ನು ನೋಡುವುದೇ ಇಲ್ಲ, ಕುರಿಯವರನ್ನು ನೋಡುತ್ತೇನೆ. ನಿಜವಾದ ಒಡೆಯನ ಕಣ್ಣು ಕುರಿಯ ಮೇಲೆ ಇರುತ್ತದೆ; ಸುಳ್ಳು ಹೇಳುವವನ ಕಣ್ಣು ನನ್ನ ಮೇಲೆ ಇರುತ್ತದೆ. ಅಷ್ಟು ನೋಡಿಕೊಂಡು ಕೊಟ್ಟುಬಿಡುತ್ತೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಎಲ್ಲರೂ ಕುರಿಯನ್ನೇ ನೋಡಲು ಕಲಿತುಬಿಡುತ್ತಾರೆ, ಆಮೇಲೆ ನನ್ನ ಕಸುಬು ಏನಾಗಬೇಕು?

ಈ ಹೆಸರು ಕೇಳಿಕೊಂಡೇ ಸುಜಾತಾ ಮೇಡಂ ನಮ್ಮ ಜಗಲಿಗೆ ಬಂದದ್ದು. ಶಿರಾ ರಸ್ತೆಯಲ್ಲಿ ವ್ಯಾಪಾರ ವ್ಯವಹಾರ ಕಲಿಸುವ ಒಂದು ಕಾಲೇಜಿದೆ, ಅಲ್ಲಿ ಪ್ರೊಫೆಸರು. ಹುಟ್ಟಿದ್ದು ಪಾವಗಡ. ಸಮಾಧಾನವಾಗಿದ್ದಾಗ ಕನ್ನಡ, ತಲೆ ಕೆಟ್ಟಾಗ ತೆಲುಗು. “ಏನು ಪಾಠ ಮಾಡ್ತೀಯವ್ವ?” ಎಂದು ಕೇಳಿದೆ. “ಇನ್ಫರ್ಮೇಶನ್ ಸಿಸ್ಟಮ್ಸ್ ಅವ್ವಾ. ಅದರಲ್ಲಿ ವಂಚನೆ ಪತ್ತೆ ಮಾಡೋದು” ಎಂದರು. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿದುಕೊಂಡೆ. ಕಳ್ಳರನ್ನು ಹಿಡಿಯುವುದನ್ನು ಪೊಲೀಸರಲ್ಲದೆ ಹೆಣ್ಣುಮಕ್ಕಳು ಕಾಲೇಜಿನಲ್ಲಿ ಕೂತು ಕಲಿಸುತ್ತಾರೆ ಎಂದು ಅವತ್ತೇ ಕೇಳಿದ್ದು. “ಕಳ್ಳರು ಕಾಲೇಜಿಗೆ ಬತ್ತಾರಾ?” ಎಂದೆ. “ಬರ್ತಾರೆ, ಹಾಜರಿ ವಿಷಯದಲ್ಲಿ” ಎಂದು ನಕ್ಕರು. ಆ ಹೆಣ್ಣುಮಗಳು ನನಗೆ ಹಿಡಿಸಿದ್ದು ಆ ಮಾತಿಗೆ.

ಅವರ ಕೆಲಸವನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಕುರಿಗೆ ವಿಮೆ ಮಾಡಿಸಿದರೆ ಕಿವಿಗೆ ಒಂದು ಪ್ಲಾಸ್ಟಿಕ್ ಬಿಲ್ಲೆ ಚುಚ್ಚುತ್ತಾರೆ. ಕುರಿ ಸತ್ತರೆ ಬಿಲ್ಲೆ ಸಮೇತ ಫೋಟೊ ಕಳಿಸಬೇಕು. ನಮ್ಮ ಜನ ಏನು ಕಮ್ಮಿಯೇ? ವಿಮೆಯಿಲ್ಲದ ಕುರಿ ಸತ್ತರೆ, ಬದುಕಿರುವ ವಿಮೆಯ ಕುರಿಯ ಬಿಲ್ಲೆ ಕಿತ್ತು ಸತ್ತದ್ದರ ಕಿವಿಗೆ ಸಿಕ್ಕಿಸುತ್ತಾರೆ. ಒಂದೇ ಸತ್ತ ಕುರಿ ನಾಲ್ಕು ಮನೆಯ ಅಂಗಳದಲ್ಲಿ ನಾಲ್ಕು ದಿಕ್ಕಿಗೆ ಮಲಗಿ ಫೋಟೊ ತೆಗೆಸಿಕೊಂಡದ್ದೂ ಉಂಟು. ಬದುಕಿದ್ದಾಗ ಅದಕ್ಕೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ಇದನ್ನು ತಪ್ಪಿಸಲು ಬಿಲ್ಲೆ ಬಿಟ್ಟು ಕುರಿಯ ಮುಖವನ್ನೇ ಗುರುತು ಹಿಡಿಯುವಂತೆ ಕಂಪ್ಯೂಟರಿಗೆ ಕಲಿಸುವುದು ಮೇಡಂ ಸಂಶೋಧನೆ. ಕಂಪ್ಯೂಟರಿಗೆ ಮೊದಲು ಯಾರಾದರೂ ಹೇಳಿಕೊಡಬೇಕಂತೆ, ಇದು ಇಂಥ ಕುರಿ, ಇಂಥವರದು ಎಂದು. ಹಾಗೆ ನಾನು ಮೂರನೇ ಕ್ಲಾಸು ಓದಿ, ಕಂಪ್ಯೂಟರಿಗೆ ಮೇಷ್ಟ್ರಾದೆ.

ಅವರ ವಿದ್ಯಾರ್ಥಿಗಳು ಕೆರೆಯ ಹತ್ತಿರ ಕೂತು, ಕುರಿಗಳು ನೀರು ಕುಡಿದು ತಲೆಯೆತ್ತಿದಾಗಲೆಲ್ಲ ಫೋಟೊ ತೆಗೆದರು. ಅವತ್ತು ಕೆರೆಯಲ್ಲಿ ಎರಡು ಹಿಂಡು ಇದ್ದವು. ಒಂದು ನಮ್ಮದು, ಇನ್ನೊಂದು ನನ್ನ ಓರಗಿತ್ತಿ ಗಿರಿಯಮ್ಮನದು. ಗಿರಿಯಮ್ಮ ನನ್ನ ಗಂಡನ ತಮ್ಮನ ಹೆಂಡತಿ. ಎರಡು ಮನೆಗೂ ನಡುವೆ ಒಂದೇ ಗೋಡೆ. ಮೇಡಂ “ಅವರನ್ನೂ ಕರೀರಿ ಅವ್ವಾ, ಇಬ್ಬರೂ ಕೂತು ಹೇಳಿ” ಎಂದರು. “ಅವಳೇನ್ ಹೇಳ್ತಾಳೆ? ಅವಳ ಕುರಿ ಬಂದು ಅವಳ್ನ ಗುರ್ತು ಹಿಡ್ದು ಮನೆಗೆ ಕರ್ಕೊಂಡ್ ಓಗ್ಬೇಕು” ಎಂದೆ. ಗೋಡೆಯ ಆಚೆ ರಾಗಿ ಬೀಸುವ ಸದ್ದು ನಿಂತಿತು. ಕೇಳಿಸಿಕೊಂಡಳು ಎಂದು ತಿಳಿಯಿತು, ಕೇಳಿಸಲೆಂದೇ ಹೇಳಿದ್ದು.

ಮೇಡಂ “ನಿಮ್ಮ ಹತ್ರ ಎಷ್ಟು ಕುರಿ ಇವೆ?” ಎಂದು ಕೇಳಿದಾಗ ಮೊದಲ ತೊಡಕು ಬಂತು. ನಾವು ಕುರಿ ಎಣಿಸುವವರಲ್ಲ. ಎಣಿಸಿದರೆ ಕಮ್ಮಿಯಾಗುತ್ತವೆ. ಸಂಜೆ ಕುರಿ ಕೂಡುವ ರೊಪ್ಪಕ್ಕೆ ಬಂದಾಗ ಒಂದು ಸಲ ಕಣ್ಣಾಡಿಸುತ್ತೇವೆ, ತುಂಬಿದಂತೆ ಕಂಡರೆ ಬಾಗಿಲು ಹಾಕುತ್ತೇವೆ. “ರೊಪ್ಪದ ತುಂಬ ಅವೆ” ಎಂದೆ. “ಸಂಖ್ಯೆ ಬೇಕಲ್ಲ ಅವ್ವಾ.” “ತುಂಬ ಅಂತ ಬರ್ಕೊ.” ಮೇಡಂ ಪೆನ್ನು ಕೆಳಗಿಟ್ಟು “ಅಯ್ಯೋ ರಾಮಾ, ಏಂ ಚೇಸೇದಿ!” ಎಂದರು. ಏನು ಮಾಡುವುದು ಎಂದು ತೆಲುಗಿನಲ್ಲಿ ಕೇಳಿದ್ದು. ಬರೆದುಕೊಳ್ಳದೆ ಬಿಡುವುದು ಎಂದು ನಾನು ಕನ್ನಡದಲ್ಲಿ ಹೇಳಿದೆ.

ಎರಡನೆಯ ತೊಡಕು ದೊಡ್ಡದು. ಲ್ಯಾಪ್‌ಟಾಪು ತೆರೆದು ಫೋಟೊ ತೋರಿಸಿದರು. ಬರೀ ಮುಖ. ಕತ್ತಿನಿಂದ ಕೆಳಗೆ ಏನೂ ಇಲ್ಲ. ಮೈಯಿಲ್ಲ, ಬಾಲವಿಲ್ಲ, ನಡಿಗೆಯಿಲ್ಲ, ಕೂಗಿಲ್ಲ, ವಾಸನೆಯಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪಕ್ಕದಲ್ಲಿ ಯಾವ ಕುರಿಯವನೂ ನಿಂತಿಲ್ಲ. ನಾನು ಯಾರ ಕಣ್ಣು ನೋಡಲಿ? ಕುರಿಗಳು ಮಾತ್ರ ನನ್ನನ್ನು ನೋಡುತ್ತಿದ್ದವು, ಹೇಳು ನೋಡೋಣ ಎಂಬಂತೆ. ನಾಲ್ಕು ಜನ ಹುಡುಗಿಯರು ಫೋನು ಹಿಡಿದು ನನ್ನ ಬಾಯನ್ನೇ ಕಾಯುತ್ತಿದ್ದರು. ಆಗ ಒಂದು ಮಾತು ಹೇಳಬೇಕಿತ್ತು. ಯಾವ ಮಾತು ಎಂದು ಆಗಲೇ ಹೇಳಿದ್ದೇನೆ.

“ಇದು ನಮ್ದು, ಚುಕ್ಕಿ” ಎಂದೆ. “ಇದು ಗಿರೀದು. ಇದೂ ಗಿರೀದು. ಇದು ನಮ್ಮ ಕೆಂದಿ ಮಗಳು.” ಹುಡುಗಿಯರು ಟಕಟಕ ಒತ್ತಿಕೊಂಡರು. ಒಬ್ಬಳು “ಅಜ್ಜಿ ಎಷ್ಟು ಫಾಸ್ಟು!” ಎಂದಳು. ಆ ಮಾತಿಗೆ ಇನ್ನೂ ಫಾಸ್ಟಾದೆ. ಹೆಸರು ಮುಗಿದಾಗ ಹೊಸ ಹೆಸರು ಕಟ್ಟಿದೆ. ಆ ಹೆಸರುಗಳನ್ನೆಲ್ಲ ಕರೆದರೆ ತಿರುಗಿ ನೋಡುವ ಕುರಿ ನಮ್ಮ ರೊಪ್ಪದಲ್ಲಿ ಅರ್ಧವೂ ಇರಲಿಲ್ಲ. ಮೂರು ದಿನ ಇದೇ ನಡೆಯಿತು. ಕೆಲವು ಫೋಟೊ ಆಗಲೇ ನೋಡಿದಂತೆ ಅನ್ನಿಸಿತು. ಕುರಿಯಲ್ಲವೇ, ಒಂದರಂತೆ ಒಂದು ಇರುತ್ತದೆ ಎಂದುಕೊಂಡು ಮುಂದೆ ಹೋದೆ. ಮೇಡಂ ಮಾತ್ರ ನಡುನಡುವೆ “ಗೊತ್ತಾಗದಿದ್ರೆ ಗೊತ್ತಿಲ್ಲ ಅಂತ ಹೇಳಿ ಅವ್ವಾ, ತೊಂದರೆ ಇಲ್ಲ” ಎನ್ನುತ್ತಿದ್ದರು. “ನಂಗಾ?” ಎಂದು ನಕ್ಕುಬಿಟ್ಟೆ. ಹೋಗುವಾಗ ಒಂದು ನೋಟು ಪುಸ್ತಕ ಕೊಟ್ಟು, ಕುರಿ ಹೇಗೆ ಗುರುತು ಹಿಡಿಯುತ್ತೀರೋ ಬಿಡುವಾದಾಗ ಬರೆಯಿರಿ ಎಂದರು. ಅದೇ ಪುಸ್ತಕದಲ್ಲಿ ಇದನ್ನು ಬರೆಯುತ್ತಿದ್ದೇನೆ. ಅವರು ಕೇಳಿದ್ದು ಇದನ್ನಲ್ಲ.

ಅದಾಗಿ ಎರಡು ತಿಂಗಳಿಗೆ ಒಂದು ದಿನ ನಮ್ಮದೂ ಗಿರಿಯಮ್ಮನದೂ ಹಿಂಡು ಕೆರೆಯಲ್ಲಿ ಸೇರಿಕೊಂಡವು. ನಮ್ಮ ಕುರಿ ಕಾಯುವ ನನ್ನ ಮಗ ರಂಗ, ಬೇರೆ ಮಾಡಿ ಹೊಡೆದುಕೊಂಡು ಬಂದ. ಹಿಂದೆಯೇ ಗಿರಿಯಮ್ಮ ಬಂದಳು. ಕಂದು ಮೂತಿಯ ಒಂದು ಬಿಳಿ ಕುರಿಯ ಕೊರಳು ಹಿಡಿದು “ಅಕ್ಕಾ, ಇದು ನಂದು ಕಣಕ್ಕ, ನಿಮ್ ಜತೆ ಬಂದ್ಬುಟ್ಟೈತೆ” ಎಂದಳು. ಅದು ಗಬ್ಬದ ಕುರಿ, ಇನ್ನೇನು ಈಯುವಂತಿತ್ತು. ಗಿರಿಯಮ್ಮನದು ಸಣ್ಣ ಹಿಂಡು; ಅವಳಿಗೆ ಒಂದು ಗಬ್ಬದ ಕುರಿ ಎಂದರೆ ದೊಡ್ಡ ಮಾತು. ನಾನು ಸರಿಯಾಗಿ ನೋಡಬೇಕಿತ್ತು. ಬಾಯಿ ಆಗಲೇ ಹೊರಟಿತ್ತು.

“ಲೇ ಗಿರಿ, ಕಣ್ಣಿಗೇನ್ ಬಂದೈತೆ ನಿಂಗೆ? ನಮ್ಮ ಚುಕ್ಕಿ ಮಗಳು ಕಣೇ ಅದು. ನಡ್ಗೆ ನೋಡು.”

“ನಡ್ಗೆ ಏನ್ ನೋಡಾದು? ನಾಕು ಕಾಲಾಗೆ ನಡೀತದೆ. ನಂದೂ ನಾಕು ಕಾಲಾಗೇ ನಡೀತಿತ್ತು.”

“ಇಷ್ಟು ವರ್ಸದಿಂದ ಊರಿಗೆಲ್ಲ ನಾನ್ ಹೇಳಿದ್ದು ಸುಳ್ಳಾಗೈತಾ?”

“ಊರೋರ ಕುರಿಗೆ ನೀನು ನ್ಯಾಯ ಹೇಳಾದು ಸರಿ. ನಿನ್ ಕುರಿಗೂ ನೀನೇ ನ್ಯಾಯ ಹೇಳ್ಕೊಂಡ್ರೆ ಅದ್ಯಾವ ಕೋರ್ಟಕ್ಕ?”

ಕಿವಿಯ ಗುರುತು ನೋಡಬಹುದಲ್ಲ ಎಂದು ಓದುವವರು ಕೇಳುತ್ತೀರಿ. ಪ್ರತಿ ಮನೆಯವರೂ ಮರಿ ಹುಟ್ಟಿದ ಕೂಡಲೇ ಅದರ ಕಿವಿಯನ್ನು ತಮ್ಮದೇ ರೀತಿಯಲ್ಲಿ ಸ್ವಲ್ಪ ಕತ್ತರಿಸುತ್ತಾರೆ, ಅದೇ ಆ ಮನೆಯ ಮೊಹರು. ನಮ್ಮ ಮಾವನ ಗುರುತು ಎಡಗಿವಿಯ ತುದಿ, ಬಲಗಿವಿಯಲ್ಲಿ ಒಂದು ಸೀಳು. ಅಣ್ಣ ತಮ್ಮ ಬೇರೆಯಾದಾಗ ಹೊಲ ಹಂಚಿದೆವು, ಪಾತ್ರೆ ಹಂಚಿದೆವು, ಮನೆಗೆ ಅಡ್ಡ ಗೋಡೆ ಎತ್ತಿದೆವು. ಕಿವಿಯ ಗುರುತು ಮಾತ್ರ ಯಾರೂ ಬಿಡಲಿಲ್ಲ. ಅಪ್ಪನ ಗುರುತು ನನಗೆ ಬೇಕೆಂದು ಇಬ್ಬರೂ ಹಠ ಹಿಡಿದು, ಇಬ್ಬರೂ ಅದನ್ನೇ ಇಟ್ಟುಕೊಂಡರು. ಗಂಡಸರ ಹಠ ಎಂದು ಆಗ ನಾನೇ ಬೈದಿದ್ದೆ. ಆಮೇಲೆ ಇಬ್ಬರೂ ಹೋದರು. ಬದಲಾಯಿಸಬಹುದಿತ್ತು. ನಾನೂ ಬದಲಾಯಿಸಲಿಲ್ಲ, ಗಿರಿಯಮ್ಮನೂ ಬದಲಾಯಿಸಲಿಲ್ಲ. ಹಿರಿಸೊಸೆ ನಾನು, ನಾನ್ಯಾಕೆ ಬಿಡಲಿ?

ಜಗಳ ಟೀ ಅಂಗಡಿ ಮುದ್ದಣ್ಣನ ಮುಂದೆ ಹೋಯಿತು. ನಮ್ಮೂರಲ್ಲಿ ಪಂಚಾಯಿತಿ ಅಲ್ಲೇ ನಡೆಯುವುದು, ಬೆಂಚು ಇರುವುದರಿಂದ. ಮುದ್ದಣ್ಣ ಮಾತು ಶುರು ಮಾಡುವ ಮೊದಲೇ ಗಿರಿಯಮ್ಮ, “ಆ ಮೇಡಮ್ಮನ ಮಿಷನ್ನೇ ಹೇಳ್ಲಿ. ಅದಕ್ಕೆ ಅಕ್ಕನೇ ಪಾಠ ಹೇಳವ್ಳೆ. ಅಕ್ಕನ ಶಿಷ್ಯನ ಮಾತು ನಂಗೆ ಒಪ್ಗೆ, ಅಕ್ಕಂಗೂ ಒಪ್ಗೆನಾ ಕೇಳು” ಎಂದಳು. ಬೆಂಚಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. “ಒಪ್ಗೆ” ಎಂದೆ. ಅನ್ನದಿದ್ದರೆ ಏನೆಂದುಕೊಂಡಾರು? ತೀರ್ಮಾನವಾಗುವ ತನಕ ಕುರಿಯನ್ನು ಮುದ್ದಣ್ಣ ಅಂಗಡಿಯ ಹಿಂದೆ ಕಟ್ಟಿಕೊಂಡ. ಅದು ನಾಲ್ಕು ದಿನದಲ್ಲಿ ಬನ್ನು ತಿನ್ನುವುದನ್ನು ಕಲಿತಿತು.

ಮೇಡಂ ಬಂದರು. ಕುರಿಯ ಮುಖಕ್ಕೆ ಫೋನು ಹಿಡಿದರು. ಕಂಪ್ಯೂಟರು ಸ್ವಲ್ಪ ಹೊತ್ತು ಸುತ್ತಿ ಸುತ್ತಿ ಯೋಚನೆ ಮಾಡಿತು. ನನಗಿಂತ ಆ ವಿಷಯದಲ್ಲಿ ಅದು ಮೇಲು. ಆಮೇಲೆ ಮೇಡಂ ನನ್ನ ಮುಖ ನೋಡದೆ ಹೇಳಿದರು: “ಗಿರಿಯಮ್ಮನವರದು ಅಂತ ತೋರಿಸ್ತಿದೆ.” ಗಿರಿಯಮ್ಮ ಬೈದಿದ್ದರೆ ಸಹಿಸುತ್ತಿದ್ದೆ. ಅವಳು ಸುಮ್ಮನೆ ಸೆರಗು ಸರಿಮಾಡಿಕೊಂಡಳು.

ಕಂಪ್ಯೂಟರಿಗೆ ಬುದ್ಧಿ ಎಲ್ಲಿಂದ ಬಂತು? ನನ್ನಿಂದ. ನಾನು ಬಾಯಿಗೆ ಬಂದದ್ದನ್ನೇ ಹೇಳಿದ್ದೆ, ಅದು ಕಲಿತು ನನ್ನ ಮೇಲೇ ಸಾಕ್ಷಿ ಹೇಳಿತ್ತು. ಕುರಿ ಉಳಿಯಬೇಕಾದರೆ ಫೋಟೊ ನೋಡಿ ಹೇಳಿದ್ದೆಲ್ಲ ಸುಳ್ಳು ಎನ್ನಬೇಕು. ಹಾಗೆಂದರೆ ಕುರಿ ಬರುತ್ತದೆ, ಹೆಸರು ಹೋಗುತ್ತದೆ. ಸುಮ್ಮನಿದ್ದರೆ ಹೆಸರು ಉಳಿಯುತ್ತದೆ, ಕುರಿ ಗೋಡೆಯ ಆಚೆಗೆ ಹೋಗುತ್ತದೆ, ಮರಿ ಹಾಕಿದಾಗಲೆಲ್ಲ ಅದು ಅರಚುವುದನ್ನು ನಾನು ಈಚೆಯಿಂದ ಕೇಳಬೇಕು. ಮೇಡಂ ಅವಸರ ಮಾಡಲಿಲ್ಲ. “ಮಾಹಿತಿಯಲ್ಲಿ ನನಗೆ ಸ್ವಲ್ಪ ಅನುಮಾನ ಇದೆ, ಒಂದು ವಾರ ಕುರಿ ಇಲ್ಲೇ ಇರಲಿ” ಎಂದು ಮುದ್ದಣ್ಣನಿಗೆ ಹೇಳಿ, ನನ್ನ ಕಡೆ ತಿರುಗಿ, “ಅವ್ವಾ, ಗುರುವಾರ ನನ್ನ ಕ್ಲಾಸಿಗೆ ಬರ್ತೀರಾ? ಕುರಿ ಗುರುತಿನ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ” ಎಂದರು. ಅನುಮಾನ ಎಂಬ ಮಾತು ಕೇಳಿಸಿತು, ಆದರೆ ಕ್ಲಾಸು ಎಂಬ ಮಾತು ಅದಕ್ಕಿಂತ ಜೋರಾಗಿ ಕೇಳಿಸಿತು.

ಗುರುವಾರ ಮದುವೆಗೆ ಇಟ್ಟಿದ್ದ ಸೀರೆ ಉಟ್ಟು ಹೋದೆ. ದೊಡ್ಡ ರೂಮು, ಫ್ಯಾನು, ಗೋಡೆಯಗಲದ ಪರದೆ. ಹುಡುಗರು ಹುಡುಗಿಯರು ಎದ್ದು ನಿಂತು ನಮಸ್ಕಾರ ಹೇಳಿದರು. ನನ್ನನ್ನು ಮುಂದೆ ಕುರ್ಚಿಯಲ್ಲಿ ಕೂರಿಸಿದರು. ಮೇಡಂ ಪಾಠ ಶುರು ಮಾಡಿದರು. ಪರದೆಯ ಮೇಲೆ ಸಾಲು ಸಾಲು ಚೌಕಗಳು, ಹಸಿರು ಸ್ವಲ್ಪ, ಕೆಂಪು ಜಾಸ್ತಿ, ಪಕ್ಕದಲ್ಲಿ ಇಂಗ್ಲಿಷು. “ನಮಗೆ ಮಾಹಿತಿ ಕೊಟ್ಟವರೊಬ್ಬರ ಉತ್ತರಗಳು ಇವು. ಹೆಸರು ಬೇಡ” ಎಂದರು. “ನಾವು ಕೆಲವು ಫೋಟೊಗಳನ್ನು ಬೇಕೆಂದೇ ಮತ್ತೆ ಮತ್ತೆ ತೋರಿಸ್ತೀವಿ. ನಿಜವಾಗಿ ಗೊತ್ತಿದ್ದವರು ಪ್ರತಿ ಸಲ ಒಂದೇ ಉತ್ತರ ಕೊಡ್ತಾರೆ. ಇಲ್ಲಿ ಕೆಂಪಗಿರೋದೆಲ್ಲ ಒಂದೇ ಕುರಿಗೆ ಬೇರೆ ಬೇರೆ ಹೆಸರು ಹೇಳಿದ್ದು.”

ಮಕ್ಕಳು ನಕ್ಕರು. ನಾನೂ ನಕ್ಕೆ. ಬರೀ ನಕ್ಕಿದ್ದರೆ ಆಗುತ್ತಿತ್ತು. “ಅವನ್ಯಾವನಮ್ಮ ಅವನು?” ಎಂದು ಕುರ್ಚಿಯಿಂದಲೇ ಕೂಗಿದೆ. ಸುಳ್ಳು ಹೇಳುವವರು ಗಂಡಸರೇ ಎಂದುಕೊಳ್ಳುವುದು ನನ್ನ ಅಭ್ಯಾಸ. “ಅಂತೋನ ಮಾತು ಕಟ್ಕೊಂಡು ಮಕ್ಕಳಿಗೆ ಪಾಠ ಮಾಡ್ತೀರಲ್ಲ! ನಮ್ಮೂರಾಗಾಗಿದ್ರೆ ಕಿವಿ ಹಿಡ್ದು ರೊಪ್ಪದಾಗೆ ಕುರಿ ಜತೆ ಕೂರಿಸ್ತಿದ್ದೆ. ಹೆಸ್ರು ಹೇಳಿ, ಮರ್ಯಾದೆ ಯಾಕೆ ಕೊಡಾದು?”

“ಹೆಸರು ಬೇಡ ಅವ್ವಾ” ಎಂದರು ಮೇಡಂ, ಬೇಗ ಬೇಗ. “ಬೇಕು” ಎಂದೆ ನಾನು. ಮಕ್ಕಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಕೇಳಿ ಇನ್ನೂ ನಾಲ್ಕು ಮಾತು ಬೈದೆ, ಒಂದು ತೆಲುಗಿನದೂ ಸೇರಿಸಿ. ಮೇಡಂ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಗ ಹಿಂದಿನ ಸಾಲಿನ ಒಬ್ಬ ಹುಡುಗಿ, ತೋವಿನಕೆರೆ ಕಡೆಯವಳಂತೆ, ಎದ್ದು ನಿಂತು, “ಮೇಡಂ, ಇವರು ‘ಗೊತ್ತಿಲ್ಲ’ ಅಂತ ಎಷ್ಟು ಸಲ ಹೇಳಿದ್ದಾರೆ?” ಎಂದು ಕೇಳಿದಳು. “ಒಂದು ಸಲವೂ ಇಲ್ಲ” ಎಂದರು ಮೇಡಂ. ಹೇಳುತ್ತಾ ಪರದೆಯ ಮೇಲೆ ಒಂದು ಫೋಟೊ ತಂದರು. ಕಂದು ಮೂತಿ. ಮುದ್ದಣ್ಣನ ಅಂಗಡಿಯ ಹಿಂದೆ ಬನ್ನು ತಿನ್ನುತ್ತಿದ್ದ ಮೂತಿ. “ಉದಾಹರಣೆಗೆ ಇದನ್ನು ಮೂರು ಸಲ ತೋರಿಸಿದ್ವಿ. ಎರಡು ಸಲ ಪಕ್ಕದ ಮನೆಯವರದು ಅಂದರು, ಒಂದು ಸಲ ತಮ್ಮದು ಅಂದರು.”

ಒಂದು ಸಲವೂ ‘ಗೊತ್ತಿಲ್ಲ’ ಎನ್ನದ ಪ್ರಾಣಿ ನಾಲ್ಕು ತಾಲೂಕಿನಲ್ಲಿ ಒಂದೇ ಇರುವುದು. ಅದು ಮದುವೆ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ಕೂತಿತ್ತು. ಮೇಡಂ ಹೆಸರು ಮುಚ್ಚಿಟ್ಟು ನನ್ನ ಮಾನ ಕಾಪಾಡುತ್ತಿದ್ದರು, ನಾನು ಹೆಸರು ಬಿಚ್ಚಿರೆಂದು ಚಪ್ಪಾಳೆ ಹೊಡೆಸಿಕೊಂಡಿದ್ದೆ. ಈಗಲಾದರೂ ಸುಮ್ಮನಿರಬಹುದಿತ್ತು. ಕುರಿಯನ್ನು ನೆನೆದೆ. ಹೆಸರನ್ನು ನೆನೆದೆ. ಗಿರಿಯಮ್ಮ ಸೆರಗು ಸರಿಮಾಡಿಕೊಂಡದ್ದನ್ನು ನೆನೆದೆ. ಹೀಗೆ ತಲೆ ತೂಗಿ ನೋಡುತ್ತಿರುವಾಗ ಬಾಯಿ ತನ್ನ ಪಾಡಿಗೆ ಎದ್ದು ನಿಂತಿತು. “ಅವನಲ್ಲ ಕಣ್ರಪ್ಪ, ಅವಳು. ನಾನೇ.”

ಮೇಡಂ ಹತ್ತಿರ ಬಂದು ಕುರ್ಚಿ ಎಳೆದುಕೊಂಡು ಕೂತು, “ಯಾಕವ್ವಾ ಹಾಗೆ ಮಾಡಿದ್ರಿ?” ಎಂದರು. ಕೋಪವಿರಲಿಲ್ಲ, ತಿಳಿದುಕೊಳ್ಳುವ ಆಸೆಯಿತ್ತು. ಅದಕ್ಕೇ ನನ್ನ ಕಸುಬಿನ ಗುಟ್ಟನ್ನು ಹೇಳಿಬಿಟ್ಟೆ. “ನಾನು ಕುರಿ ನೋಡಲ್ಲ ಕಣಮ್ಮ, ಕುರಿಯೋನ್ನ ನೋಡ್ತೀನಿ. ನಿಮ್ ಫೋಟೊದಾಗೆ ಕುರಿ ಒಂದೇ ಐತೆ, ಕುರಿಯೋನು ಇಲ್ಲ. ನಾನ್ ಹೆಂಗೆ ಹೇಳ್ಲಿ?” ಕಣ್ಣಿನ ವಿಷಯ ಹೇಳಿದೆ, ಕಳ್ಳನ ಕಣ್ಣು ಎಲ್ಲಿರುತ್ತದೆ, ಒಡೆಯನ ಕಣ್ಣು ಎಲ್ಲಿರುತ್ತದೆ ಎಂದು. ಮಕ್ಕಳು ಗರಗರ ಬರೆದುಕೊಂಡರು. ಮೇಡಂ ಕೂಡ ಬರೆದುಕೊಂಡರು. ಅವರ ಕಂಪ್ಯೂಟರು ಅಲ್ಲಿಯವರೆಗೆ ಹಿಡಿದಿದ್ದ ವಂಚನೆ ಒಂದೇ, ಅದು ಅದಕ್ಕೆ ಪಾಠ ಹೇಳಿಕೊಟ್ಟವಳದು. ಇದನ್ನು ಸಂಶೋಧನೆಯ ಪೇಪರಿನಲ್ಲಿ ಬರೆಯುತ್ತೇನೆ, ಹೆಸರು ಹಾಕುವುದಿಲ್ಲ ಎಂದರು. ಈ ಸಲ ನಾನು ಹಾಕಿ ಎಂದು ಹಠ ಮಾಡಲಿಲ್ಲ.

ಬಸ್ಸು ಹತ್ತಿಸುವಾಗ ಮೇಡಂ ಒಂದು ಮಾತು ಹೇಳಿದರು. “ಅವ್ವಾ, ಎಷ್ಟು ಕುರಿ ಇದ್ದವು ಅಂತ ನೀವು ಎಣಿಸಿ ಇಟ್ಟಿದ್ರೆ ಇಷ್ಟೆಲ್ಲ ಬೇಕಾಗಿರಲಿಲ್ಲ. ಒಂದು ನಿಮಿಷದ ಕೆಲಸ.” ಓದಿದವರಿಗೆ ಎಲ್ಲವೂ ಒಂದು ನಿಮಿಷದ ಕೆಲಸ ಎಂದುಕೊಂಡು ಕಿಟಕಿ ಪಕ್ಕ ಕೂತೆ.

ಮಾರನೆಯ ದಿನ ಅವರೇ ಬಂದು ಮುದ್ದಣ್ಣನ ಬೆಂಚಿನ ಮುಂದೆ, ಮಿಷನ್ನು ತಪ್ಪು ಪಾಠ ಕಲಿತಿದೆ, ಅದರ ತೀರ್ಪು ಲೆಕ್ಕಕ್ಕಿಲ್ಲ ಎಂದು ಹೇಳಿದರು. ಯಾರ ತಪ್ಪು ಎಂದು ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ, ನಾನು ಕ್ಲಾಸಿನಲ್ಲಿ ಬೈದದ್ದು ನನಗಿಂತ ಮೊದಲಿನ ಬಸ್ಸಿಗೇ ಊರು ಸೇರಿತ್ತು. ಮುದ್ದಣ್ಣ ತಲೆ ಕೆರೆದುಕೊಂಡು, “ಮಿಷನ್ನಿಲ್ಲ ಅಂದ್ಮೇಲೆ ಹಳೇ ಪದ್ಧತಿ. ಈರಕ್ಕನ ಮಾ‌ತೇ ಮಾತು” ಎಂದು ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟ. ಗಿರಿಯಮ್ಮ ಹಗ್ಗ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕುರಿಯನ್ನೇ ನೋಡುತ್ತಾ, “ಕಂಪ್ಯೂಟ್ರಿಗೆ ಸುಳ್ಳು ಹೇಳ್ದೋಳು ನಂಗೆ ನಿಜ ಹೇಳವ್ಳಾ?” ಎಂದಳು. ಅಷ್ಟು ಹೇಳಿ ಅವಳು ಹೊರಟುಹೋದಳು.

ಕುರಿಯನ್ನೇ ನೋಡುತ್ತಾ. ಇಷ್ಟು ದಿನದಲ್ಲಿ ನಾನು ಅವಳ ಕಣ್ಣನ್ನು ಒಂದು ಸಲವೂ ನೋಡಿರಲಿಲ್ಲ. ಊರಿನವರ ಜಗಳದಲ್ಲಿ ಮೊದಲು ನೋಡುವುದು ಅದನ್ನೇ. ನನ್ನ ಜಗಳದಲ್ಲಿ ನಾನು ಬೆಂಚಿನವರ ಮುಖ ನೋಡುತ್ತಾ ನಿಂತಿದ್ದೆ.

ಕುರಿಯನ್ನು ರೊಪ್ಪಕ್ಕೆ ಬಿಟ್ಟೆ. ಊಟ ಸೇರಲಿಲ್ಲ. ಎಲೆಯಡಿಕೆ ಡಬ್ಬಿ ತೆಗೆದು ಸುಣ್ಣ ಹುಡುಕುವಾಗ ತಳದಲ್ಲಿ ಮಡಿಸಿದ ಚೀಟಿ ಸಿಕ್ಕಿತು. ಹಿಂಡಿಗೆ ಲಸಿಕೆ ಹಾಕಿದಾಗ ಕೊಟ್ಟದ್ದು, ಕೆರೆಯ ಜಗಳಕ್ಕೆ ಒಂದು ತಿಂಗಳ ಹಿಂದೆ. ಅಕ್ಷರ ನನಗೆ ತಡವಾಗಿ ಹತ್ತುತ್ತದೆ, ಅಂಕಿ ಬೇಗ ಹತ್ತುತ್ತದೆ. ಮೂವತ್ತೆಂಟು ಎಂದಿತ್ತು. ನಾವು ಎಣಿಸದಿದ್ದರೇನು, ಸೂಜಿ ಹಿಡಿದವರು ಎಣಿಸಿದ್ದರು. ಅದರಲ್ಲಿ ಎರಡು ಟಗರು ಶಿರಾದ ವ್ಯಾಪಾರಿ ಬಾಬು ಸಾಬಿಗೆ ಹೋದವು. ಆಮೇಲೆ ಒಂದೂ ಹುಟ್ಟಿಲ್ಲ, ಒಂದೂ ಸತ್ತಿಲ್ಲ. ಇರಬೇಕಾದದ್ದು ಮೂವತ್ತಾರು.

ಬೆಳಿಗ್ಗೆ ರಂಗ ರೊಪ್ಪದ ಬಾಗಿಲು ತೆಗೆದಾಗ ಪಕ್ಕದಲ್ಲಿ ಕೂತೆ. ಒಂದೊಂದು ಕುರಿ ದಾಟಿದಂತೆ ಒಂದೊಂದು ಹುಣಸೆಬೀಜ ಮಡಿಲಿಗೆ ಹಾಕಿಕೊಂಡೆ. “ಏನವ್ವಾ ಮಾಡ್ತಿದೀಯಾ?” ಎಂದ. “ಬೀಜ ಆರಿಸ್ತಿದೀನಿ ಓಗ್ಲಾ” ಎಂದೆ. ಎಲ್ಲ ಹೋದ ಮೇಲೆ ಬೀಜ ಎಣಿಸಿದೆ. ಬೀಜ ಎಣಿಸಿದರೆ ದೋಷವಿಲ್ಲ, ಕುರಿ ತಾನೇ ಎಣಿಸಬಾರದು? ಮೂವತ್ತೇಳು. ಮತ್ತೆ ಎಣಿಸಿದೆ. ಮೂವತ್ತೇಳು. ಒಂದು ಬೀಜ ಸಣ್ಣದಿತ್ತು, ಅದನ್ನು ತೆಗೆದು ಎಣಿಸಿದೆ. ಮೂವತ್ತಾರಾಯಿತು, ಆದರೆ ಸಮಾಧಾನವಾಗಲಿಲ್ಲ.

ಅಂದರೆ ಫೋಟೊ ನೋಡಿ ಬಾಯಿಗೆ ಬಂದಂತೆ ಎರಡು ಸಲ ಗಿರೀದು ಎಂದದ್ದು ಸರಿ. ಊರ ಮುಂದೆ ನಿಂತು ಗಟ್ಟಿಯಾಗಿ ನಂದು ಎಂದದ್ದು ತಪ್ಪು. ಕಂಪ್ಯೂಟರು ನನ್ನ ಸುಳ್ಳನ್ನು ಕಲಿತು ನಿಜ ಹೇಳಿತ್ತು. ನಾನು ಕ್ಲಾಸಿನಲ್ಲಿ ನಿಜ ಹೇಳಿ ಸುಳ್ಳನ್ನು ಗೆಲ್ಲಿಸಿಕೊಂಡು ಬಂದಿದ್ದೆ. ಇದನ್ನು ಮೇಡಂಗೆ ಹೇಳಿದರೆ ಇನ್ನೊಂದು ಪೇಪರು ಬರೆದಾರು.

ಮಧ್ಯಾಹ್ನ ಆ ಕುರಿಯನ್ನು ಹಿಂಡಿನಿಂದ ಹಿಡಿದು ತಂದು ಗೋಡೆ ಸುತ್ತಿಕೊಂಡು ಗಿರಿಯಮ್ಮನ ಬಾಗಿಲಿಗೆ ಹೋದೆ. ಕಂಬಕ್ಕೆ ಹಗ್ಗ ಕಟ್ಟುತ್ತಿರುವಾಗ ಅವಳು ಹೊರಗೆ ಬಂದಳು, ಕೈಯೆಲ್ಲ ರಾಗಿ ಹಿಟ್ಟು.

“ಏನಕ್ಕಾ ಇದು?”

“ಕುರಿ.”

“ಕುರಿ ಅಂತ ಕಾಣ್ತದೆ. ಯಾರ್ದು?”

ಮೂವತ್ತೇಳು ಹುಣಸೆಬೀಜ ನನ್ನ ಸೆರಗಿನ ತುದಿಯಲ್ಲಿ ಗಂಟಾಗಿತ್ತು. ನಿಂದು, ನಾನು ಎಣಿಸಿದೆ ಎಂದರೆ ಆಗುತ್ತಿತ್ತು. ಈರಕ್ಕ ತಪ್ಪು ಹೇಳಿದಳು, ಮೇಲೆ ಕುರಿ ಎಣಿಸಿದಳು ಎಂದು ಸಂಜೆಗೆ ಬೆಂಚಿನವರೆಗೂ ಹೋಗುತ್ತಿತ್ತು. ಆಗ, ಎಪ್ಪತ್ತು ವರ್ಷ ಬಾರದಿದ್ದ ಮಾತು, ಯಾರೂ ಎಳೆಯದೆಯೇ ಸಲೀಸಾಗಿ ಬಂತು.

“ಗೊತ್ತಿಲ್ಲ ಕಣೇ.”

ಗಿರಿಯಮ್ಮ ನನ್ನ ಕಣ್ಣನ್ನೇ ನೋಡಿದಳು. ನಾನು ಕುರಿಯವರನ್ನು ನೋಡುತ್ತೇನಲ್ಲ, ಹಾಗೆ. ನನ್ನ ಕಣ್ಣು ಎಲ್ಲಿತ್ತು ಎಂದು ನನಗೆ ನೆನಪಿಲ್ಲ, ಅವಳಿಗೆ ಬೇಕಾದದ್ದು ಸಿಕ್ಕಿರಬೇಕು. “ಅಂಗಾದ್ರೆ ನಂದೇ ಇರ್ಬೋದು ಬುಡು” ಎಂದಳು. “ಕೂತ್ಕ, ಕೈ ತೊಳ್ಕೊಂಡ್ ಬತ್ತೀನಿ. ಮುದ್ದೆ ಐತೆ, ಉಪ್ಸಾರು ಐತೆ.” ಕೂತೆ. ಎರಡು ಮುದ್ದೆ ತಿಂದೆ. ಇಬ್ಬರೂ ಕುರಿಯ ಮಾತೆತ್ತಲಿಲ್ಲ.

ಸಂಜೆ ಮೇಡಂ ಫೋನು ಬಂತು. “ಅವ್ವಾ, ಎಲ್ಲಾ ಮೊದಲಿಂದ ಶುರು ಮಾಡ್ತಿದೀವಿ. ಈ ಸಲ ‘ಗೊತ್ತಿಲ್ಲ’ ಅಂತ ಒಂದು ಬಟನ್ನೇ ಇಟ್ಟಿದ್ದೀವಿ. ಬಾಯಲ್ಲಿ ಹೇಳೋಕೆ ಕಷ್ಟ ಆದ್ರೆ ಒತ್ತಿದ್ರೆ ಸಾಕು.”

“ಬಾಯಲ್ಲೇ ಬತ್ತದೆ ಬುಡಮ್ಮ. ಇವತ್ತು ಹೇಳ್ದೆ.”

“ಹೌದಾ? ನಿಜವಾಗ್ಲೂ?” ಅವರ ದನಿಯಲ್ಲಿ ಸಂತೋಷ. “ಕೊನೆಗೂ ನಿಜ ಹೇಳೋದು ಕಲಿತ್ರಿ ಬಿಡಿ.”

ನಾನು ಫೋನು ಇಟ್ಟುಬಿಟ್ಟೆ. ವಂಚನೆ ಹಿಡಿಯುವ ಪ್ರೊಫೆಸರು, ಇನ್ನೊಂದು ನಿಮಿಷ ಮಾತಾಡಿದ್ದರೆ ಹಿಡಿದೇಬಿಡುತ್ತಿದ್ದರು. ‘ಗೊತ್ತಿಲ್ಲ’ ಎಂದು ನಾನು ಹೇಳಿದ್ದು ಈ ಜನ್ಮದಲ್ಲಿ ಅದೊಂದೇ ಸಲ. ಅದೂ ಚೆನ್ನಾಗಿ ಗೊತ್ತಿದ್ದ ವಿಷಯಕ್ಕೆ.